ಬಾಲ್ ನೆಲಕ್ಕೆ ತಾಗಿತ್ತು ಸಾರ್

ಆಟ ಆಡಿದವರ ಬದುಕಿನಲ್ಲಿ ನಗು ಬರಿಸುವಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಅದರಲ್ಲೂ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಆಟ ಆಡಿದರಂತೂ ಕೇಳುವುದೇ ಬೇಡ. ನಾನು ಆಡಿದ್ದು ಸಾಫ್ಟ್‌ಬಾಲ್. ಬೇಸ್‌ಬಾಲ್‌ಗೆ ತಂಗಿಯಂಥ ಆಟ. ಒಬ್ಬಳು ಕೈ ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಗುಂಡು ಬ್ಯಾಟಿನಲ್ಲಿ ಹೊಡೆದು ನಾಲ್ಕು ಮೂಲೆ ಸುತ್ತಿ ಮನೆಗೆ ಬರುತ್ತಾಳೆ. ಹೆಸರಿಗೆ ಮಾತ್ರ ಸಾಫ್ಟು. ಅದು ಎಷ್ಟು ಸಾಫ್ಟು ಅಂತ ಒಂದು ಸಲ ಮೊಣಕಾಲಿಗೆ ಬಿದ್ದರೆ ತಿಳಿಯುತ್ತದೆ.

ಇದು ಎಂಬತ್ತರ ದಶಕದ ಮಾತು. ಆಗ ನಾನು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಕಾರ್ಡ್ ರೋಡಿನ ಆಚೆಗೆ ಇನ್ನೂ ಖಾಲಿ ಸೈಟುಗಳು, ಅಲ್ಲಲ್ಲಿ ರಾಗಿ ಹೊಲ. ಸಂಜೆ ಫ್ಯಾಕ್ಟರಿ ಸೈರನ್ ಕೂಗಿದರೆ ಇಡೀ ಬೀದಿ ಗಡಿಯಾರ ನೋಡದೆ ಕಾಫಿಗೆ ಹಾಲಿಡುತ್ತಿತ್ತು. ನಮ್ಮಪ್ಪನೂ ಅಂಥ ಒಂದು ಫ್ಯಾಕ್ಟರಿಯಲ್ಲೇ ಇದ್ದರು.

ಕೂತ್ಕೊಳ್ಳೋ ಆಟ

ನಾನು ಎರಡನೇ ವರ್ಷಕ್ಕೆ ಬಂದಾಗ ಕಾಲೇಜಿಗೆ ಹೊಸ ಪಿ.ಟಿ. ಮೇಡಂ ಬಂದರು. ಸಣ್ಣ ಆಳು, ದೊಡ್ಡ ಗಂಟಲು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊರಳಿಗೆ ವಿಷಲ್ ಹಾಕಿಕೊಂಡು ಓಡಾಡುತ್ತಿದ್ದರು. ಉತ್ತರದ ಕಡೆ ಯಾವುದೋ ಕೋಚಿಂಗ್ ಕ್ಯಾಂಪಿಗೆ ಹೋಗಿ ಬಂದಿದ್ದ ಅವರು ಅಲ್ಲಿಂದ ಎರಡು ಮಾತು ಕಲಿತು ತಂದಿದ್ದರು. ಒಂದು ಸ್ಪೋರ್ಟ್ಸ್‌ಮನ್‌ಶಿಪ್, ಇನ್ನೊಂದು ಮೆಂಟಲ್ ಪ್ರಿಪರೇಷನ್. ಈ ಎರಡು ಮಾತು ಬಾರದೆ ಅವರ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ.

ಕಾಲೇಜಿನ ಹಿಂದುಗಡೆ ಒಂದು ಮೈದಾನವಿತ್ತು. ಅಲ್ಲಿ ಸೈಕಲ್ ಸ್ಟ್ಯಾಂಡ್ ಕಟ್ಟಿಸಬೇಕೆಂದು ಪ್ರಿನ್ಸಿಪಾಲರು ಮನಸ್ಸು ಮಾಡಿದ್ದರು. ಮೇಡಂ ಹೋಗಿ ಗೋಗರೆದ ಮೇಲೆ, "ಈ ಒಂದು ವರ್ಷ ನೋಡ್ತೀನಿ. ಕಾಲೇಜುಗಳ ಟೂರ್ನಮೆಂಟ್ ಗೆದ್ರೆ ಮೈದಾನ ನಿಮ್ದು. ಇಲ್ಲಾಂದ್ರೆ ಸೈಕಲ್‌ಗಳದ್ದು" ಅಂದರಂತೆ.

ಆಟಗಾರ್ತಿಯರನ್ನು ಆರಿಸಿದ ದಿನ ಮೇಡಂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ, "ಕುಕ್ಕರುಗಾಲಲ್ಲಿ ಯಾರಿಗೆ ಜಾಸ್ತಿ ಹೊತ್ತು ಕೂರೋಕಾಗುತ್ತೆ?"

ಎಲ್ಲರೂ ಕೂತೆವು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬಳೇ ಮಂಡಿ ಹಿಡಿದುಕೊಂಡು ಎದ್ದಳು. ನಾನು ಏಳಲಿಲ್ಲ. ಧನುರ್ಮಾಸ ಪೂರ್ತಿ ನಮ್ಮ ಬೀದಿಯ ಉದ್ದಕ್ಕೂ ರಂಗೋಲಿ ಹಾಕಿದ ಮಂಡಿ ನನ್ನದು. ಮೇಡಂ ಹತ್ತಿರ ಬಂದು, "ನೀನೇ ಕ್ಯಾಚರ್" ಅಂದರು. ಬ್ಯಾಟ್ ಮಾಡುವವಳ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕೂತು, ಬಂದ ಚೆಂಡು ಹಿಡಿಯುವುದು ನನ್ನ ಕೆಲಸ.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಟೀಮಿಗೆ ಸೇರಿದೀಯ, ಸರಿ. ಅಲ್ಲಿ ನಿನ್ನ ಕೆಲಸ ಏನು?"

"ಕೂತ್ಕೊಂಡಿರ್ಬೇಕು ಅಮ್ಮ."

"ಎಷ್ಟು ಹೊತ್ತು?"

"ಆಟ ಮುಗಿಯೋವರ್ಗೂ."

ಅಮ್ಮ ಸೊಪ್ಪಿನ ಮೊರವನ್ನು ನನ್ನ ಕಡೆ ತಳ್ಳಿದರು. "ಅಷ್ಟಕ್ಕೆ ಅಲ್ಲೀವರ್ಗೂ ಯಾಕೆ ಹೋಗ್ಬೇಕು. ಇಲ್ಲೇ ಕೂತ್ಕೋ. ಒಂದು ಹುಳೀನಾದ್ರೂ ಆಗುತ್ತೆ."

ಕಣ್ಣು ಮುಚ್ಚಿ

ಮೊದಲ ಒಂದು ವಾರ ಮೇಡಂ ನಮ್ಮ ಕೈಗೆ ಬ್ಯಾಟೇ ಕೊಡಲಿಲ್ಲ. "ಕೈಯಲ್ಲಿ ಬ್ಯಾಟ್ ಆಮೇಲೆ. ಮೊದಲು ತಲೇಲಿ ಬ್ಯಾಟ್" ಅನ್ನುವುದು ಅವರ ಸಿದ್ಧಾಂತ. ಬೆಳಿಗ್ಗೆ ತರಗತಿ ಶುರುವಾಗುವ ಮುಂಚೆ ನಮ್ಮನ್ನು ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಸುತ್ತ ಕೂರಿಸಿ, ಕಣ್ಣು ಮುಚ್ಚಿಸಿ, ಮನಸ್ಸಿನಲ್ಲೇ ಆಟ ಆಡಿಸುತ್ತಿದ್ದರು.

"ಬಾಲ್ ಬರ್ತಾ ಇದೆ. ನಿಧಾನವಾಗಿ ಬರ್ತಾ ಇದೆ. ನಿಮಗೆ ಭಯ ಇಲ್ಲ. ಉಸಿರು ಒಳಗೆ. ಉಸಿರು ಹೊರಗೆ."

ನಮ್ಮ ಪಿಚ್ಚರ್, ಅಂದರೆ ಚೆಂಡು ಎಸೆಯುವವಳು, ಕೆಂಗೇರಿಯ ಹುಡುಗಿ. ಬೇಸಾಯದ ಮನೆ. ಜೋಳದ ತೆನೆಗೆ ಗಿಳಿ ಕೂರದಂತೆ ಕಲ್ಲು ಬೀಸಿ ಬೀಸಿ ಅವಳ ತೋಳು ಪಳಗಿತ್ತು. ಕತ್ತಲಿರುವಾಗಲೇ ಎದ್ದು, ಹಸುವಿಗೆ ಹುಲ್ಲು ಹಾಕಿ, ಮೊದಲ ಬಸ್ಸು ಹತ್ತಿ ಬರುತ್ತಿದ್ದ ಅವಳಿಗೆ "ಉಸಿರು ಒಳಗೆ" ಅನ್ನುವ ಹೊತ್ತಿಗೇ ನಿದ್ದೆ ಬಂದುಬಿಡುತ್ತಿತ್ತು. ಕಣ್ಣು ಮುಚ್ಚಿದರೆ ಮುಖದಲ್ಲಿ ಅದೆಂಥ ಶಾಂತಿ. ಮೇಡಂ ಅವಳನ್ನೇ ತೋರಿಸಿ, "ನೋಡಿ, ಏಕಾಗ್ರತೆ ಅಂದ್ರೆ ಇದು" ಅನ್ನುತ್ತಿದ್ದರು. ನಾವು ಯಾರೂ ಬಾಯಿ ಬಿಡಲಿಲ್ಲ.

ಒಂದು ದಿನ ಈ ಕಾರ್ಯಕ್ರಮ ಸ್ವಲ್ಪ ಉದ್ದವಾಯಿತು. ಕಾಲೇಜಿನ ಅಟೆಂಡರ್ ಬಿಂದಿಗೆಯಲ್ಲಿ ನೀರು ಹಿಡಿಯಲು ಆ ಕಡೆ ಬಂದವನು, ಒಂದಿಷ್ಟು ಹುಡುಗಿಯರು ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಮೌನವಾಗಿ ಕೂತದ್ದನ್ನು ನೋಡಿದ. ಬಿಂದಿಗೆ ಇಳಿಸಿ ಅವನೂ ಎರಡು ನಿಮಿಷ ಕೈ ಕಟ್ಟಿ ನಿಂತ. ಆಮೇಲೆ ಸದ್ದಾಗದಂತೆ ಆಫೀಸಿಗೆ ಹೋಗಿ, "ಯಾರೋ ತೀರ್ಕೊಂಡವ್ರೆ. ಮೈದಾನದಾಗೆ ಮೌನ ಆಚರಿಸ್ತಾವ್ರೆ" ಅಂದ.

ಆಫೀಸಿನವರು ಯಾರು ಅಂತ ಕೇಳಲಿಲ್ಲ. ತೀರಿಕೊಂಡಿದ್ದಾರೆ ಅಂದಮೇಲೆ ರಜೆ ಇರುತ್ತದೆ ಅನ್ನುವುದಷ್ಟೇ ಅವರಿಗೆ ಮುಖ್ಯ. ಸುದ್ದಿ ಕಾರಿಡಾರಿಗೆ ಬಂತು, ಕಾರಿಡಾರಿನಿಂದ ಗೇಟಿಗೆ ಹೋಯಿತು, ಗೇಟಿನಿಂದ ಬಸ್ ಸ್ಟಾಪಿಗೆ. ನಾವು ಕಣ್ಣು ಬಿಡುವ ಹೊತ್ತಿಗೆ ಕಾಲೇಜು ಖಾಲಿ.

ಇಂಗ್ಲಿಷ್ ಮೇಷ್ಟ್ರು ಹಾಜರಿ ಪುಸ್ತಕ ಹಿಡಿದುಕೊಂಡು ತರಗತಿಗೆ ಬಂದರೆ ಬೆಂಚುಗಳು ಮಾತ್ರ ಇದ್ದವು. ಬಾಗಿಲಲ್ಲಿ ನಿಂತಿದ್ದ ಅಟೆಂಡರನನ್ನು ಗಾಬರಿಯಿಂದ ಕೇಳಿದರು, "ಯಾರಪ್ಪ ಹೋಗಿದ್ದು?"

ಅಟೆಂಡರ್ ಖಾಲಿ ಬೆಂಚುಗಳ ಕಡೆ ಕೈ ತೋರಿಸಿದ. "ಎಲ್ರೂ ಹೋದ್ರು ಸಾರ್."

ಬಾಲ್ ಏನಂತು

ಕೆಂಗೇರಿಯವಳ ತೋಳಿನಷ್ಟೇ ಅವಳ ಕೋಪವೂ ಜೋರು. ಎರಡು ಚೆಂಡು ದಾರಿ ತಪ್ಪಿದರೆ ಮೂರನೆಯದನ್ನು ಬ್ಯಾಟ್ ಹಿಡಿದವಳ ಹಣೆಗೇ ಎಸೆಯುವಂತೆ ನೋಡುತ್ತಿದ್ದಳು. ಮೇಡಂ ಇದಕ್ಕೂ ಒಂದು ಮದ್ದು ಹೇಳಿಕೊಟ್ಟರು. "ಕೋಪ ಬಂದಾಗ ಎದುರಿನವಳನ್ನ ನೋಡ್ಬೇಡ. ಬಾಲ್ ಜೊತೆ ಮಾತಾಡು. ಪ್ರೀತಿಯಿಂದ ಮಾತಾಡು. ಅದು ಕೇಳುತ್ತೆ."

ಇವಳು ಹಸು ಕರುಗಳ ಜೊತೆ ಮಾತಾಡಿ ಬೆಳೆದವಳು. ಚೆಂಡಿನ ಜೊತೆ ಮಾತಾಡುವುದು ಅವಳಿಗೆ ಕಷ್ಟವಾಗಲಿಲ್ಲ. ಚೆಂಡನ್ನು ಗದ್ದಕ್ಕೆ ಆನಿಸಿಕೊಂಡು, "ನನ್ನ ಬಂಗಾರ ಅಲ್ವಾ, ನೆಟ್ಟಗೆ ಮನೆಗೆ ಹೋಗು. ಅಲ್ಲಿ ಇಲ್ಲಿ ನೋಡ್ಕೊಂಡು ನಿಂತ್ಕೋಬೇಡ" ಅಂತ ಹೇಳಿ ಎಸೆದಳು ಅಂದರೆ ಚೆಂಡು ಗೆರೆ ಎಳೆದ ಹಾಗೆ ಬಂದು ನನ್ನ ಕೈಗೆ ಬೀಳುತ್ತಿತ್ತು. ಬ್ಯಾಟ್ ಮಾಡುವವರು ನಿಲ್ಲುವ ಜಾಗಕ್ಕೆ ಈ ಆಟದಲ್ಲಿ ಹೋಮ್ ಅಂತಲೇ ಹೆಸರು. ಅವಳು ಅದನ್ನು ಮನೆ ಅನ್ನುತ್ತಿದ್ದಳು, ಅಷ್ಟೆ.

ಮಲ್ಲೇಶ್ವರದ ಕಡೆಯ ಒಂದು ಕಾಲೇಜಿನವರ ಜೊತೆ ನಮ್ಮ ಮೊದಲ ಅಭ್ಯಾಸದ ಪಂದ್ಯ. ಅಂಪೈರಾಗಿ ಬಂದವರು ಒಬ್ಬ ಹಿರಿಯ ಡ್ರಿಲ್ ಮೇಷ್ಟ್ರು. ಸ್ಕೂಟರಿನಲ್ಲಿ ಬರುತ್ತಿದ್ದರು, ಬಿಸಿಲಿಗೆ ಕ್ಯಾಪಿನ ಕೆಳಗೆ ಒದ್ದೆ ಕರ್ಚೀಫು ಇಟ್ಟುಕೊಳ್ಳುತ್ತಿದ್ದರು. ಎದುರು ತಂಡದ ಒಬ್ಬಳು ಜಂಬದಿಂದ ಬ್ಯಾಟ್ ತಿರುಗಿಸುತ್ತ ಬಂದು ನಿಂತಳು. ನಮ್ಮವಳು ಚೆಂಡನ್ನು ಗದ್ದಕ್ಕೆ ಆನಿಸಿ, "ನೆಟ್ಟಗೆ ಮನೆಗೆ ಹೋಗು" ಅಂದಳು. ಎಸೆದಳು. ಅವಳ ಬ್ಯಾಟಿಗೆ ತಾಗಲಿಲ್ಲ. ಮತ್ತೆ, "ಸುಮ್ನೆ ಮನೆಗೆ ಹೋಗು, ಹಟ ಮಾಡ್ಬೇಡ." ಅದೂ ತಾಗಲಿಲ್ಲ. ಮೂರನೆಯದಕ್ಕೆ, "ಹೋಗ್ತೀಯೋ ಇಲ್ವೋ, ಕತ್ತಲಾಗ್ತಾ ಬಂತು."

ಎದುರಿನವಳು ಬ್ಯಾಟ್ ಕೆಳಗಿಟ್ಟಳು. ಕಣ್ಣಲ್ಲಿ ನೀರು. "ಸಾರ್, ನೋಡಿ ಸಾರ್, ಆಗಿಂದ ಮನೆಗೆ ಹೋಗು ಮನೆಗೆ ಹೋಗು ಅಂತಿದಾಳೆ."

ಅಂಪೈರ್ ಆಟ ನಿಲ್ಲಿಸಿ ಪಿಚ್ಚರನ್ನು ಕರೆದರು. "ಯಾರಿಗಮ್ಮ ನೀನು ಹೇಳಿದ್ದು?"

"ಬಾಲ್‌ಗೆ ಸಾರ್."

"ಬಾಲ್‌ಗಾ?"

"ಹೂಂ ಸಾರ್. ಮೇಡಂ ಹೇಳ್ಕೊಟ್ಟಿದಾರೆ."

ಅಂಪೈರ್ ನಮ್ಮ ಮೇಡಂ ಕಡೆ ನೋಡಿದರು. ಮೇಡಂ ಹೌದು ಅಂತ ತಲೆಯಾಡಿಸಿದರು. ಅಂಪೈರ್, ನಿಯಮದಲ್ಲಿ ಇದಕ್ಕೆ ಏನೂ ಹೇಳಿಲ್ಲ ಅನ್ನುವುದನ್ನು ಮನಸ್ಸಿನಲ್ಲೇ ಖಾತ್ರಿ ಮಾಡಿಕೊಂಡು, ಗಂಭೀರವಾಗಿ ಕೇಳಿದರು, "ಅದಕ್ಕೆ ಬಾಲ್ ಏನಂತು?"

"ಆಯ್ತು ಅಂತು ಸಾರ್."

"ಹಾಗಾದ್ರೆ ಸರಿ. ಎಸಿ."

ಚೆನ್ನಾಗಿ ಆಡಿದ್ರಿ

ನಮ್ಮ ಕ್ಯಾಪ್ಟನ್ ಬಸವೇಶ್ವರನಗರದವಳು. ಕೊನೆಯ ವರ್ಷದ ಹುಡುಗಿ, ಎತ್ತರದ ನಿಲುವು, ಮಾತು ಕಡಿಮೆ. ಮೇಡಂ ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸುವವಳು ಅಂದರೆ ಅವಳೊಬ್ಬಳೇ. ಆ ಮಲ್ಲೇಶ್ವರದವರ ಎದುರು ಕೊನೆಗೆ ನಾವೇ ಸೋತಾಗ ಮೇಡಂ ನಮ್ಮನ್ನೆಲ್ಲ ಸಾಲು ನಿಲ್ಲಿಸಿ ಹೇಳಿದ್ದರು: "ಸೋತಾಗ ತಲೆ ತಗ್ಗಿಸ್ಬಾರ್ದು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಗಟ್ಟಿಯಾಗಿ ಕೈ ಕುಲುಕಿ, ಚೆನ್ನಾಗಿ ಆಡಿದ್ರಿ ಅಂತ ಹೇಳಿ. ಮೈದಾನದಲ್ಲಿ ಅಷ್ಟೇ ಅಲ್ಲ, ಜೀವನದಲ್ಲೂ."

ಅದಾದ ಮುಂದಿನ ಭಾನುವಾರ ಕ್ಯಾಪ್ಟನ್ ಮನೆಗೆ ಗಂಡಿನ ಕಡೆಯವರು ಬಂದರು. ಅವಳಿಗೆ ಅದು ಮೊದಲ ಸಲ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ಹುಡುಗ ಕೇಸರಿಬಾತಿನ ತಟ್ಟೆಯಲ್ಲೇ ಮುಳುಗಿದ್ದ. ಹುಡುಗನ ತಾಯಿ ಮಾತ್ರ ಅವಳ ಮೊಣಕೈ ತರಚಿದ್ದನ್ನು ನೋಡಿದರು, ಬಿಸಿಲಿಗೆ ಕಪ್ಪಾದ ಮುಖ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಅರ್ಥ ಗೊತ್ತಿರುವ ಆ ಮಾತು ಹೇಳಿದರು. "ಊರಿಗೆ ಹೋಗಿ ತಿಳಿಸ್ತೀವಿ."

ಅವಳಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಇಂಥ ಒಕ್ಕಣೆ ದಿನವೂ ಬರೆಯುವವರು. ಅವರ ಮುಖ ಸಪ್ಪಗಾಯಿತು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ಆದರೆ ಕ್ಯಾಪ್ಟನ್ ತಲೆ ತಗ್ಗಿಸಲಿಲ್ಲ. ಬಂದವರು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ಹತ್ತಿರ ಹೋಗಿ ನಿಂತಳು. ಹುಡುಗನ ತಂದೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೈ ಕುಲುಕಿ, "ಚೆನ್ನಾಗಿ ಆಡಿದ್ರಿ" ಅಂದಳು. ತಾಯಿಯ ಕೈ ಕುಲುಕಿದಳು, "ಚೆನ್ನಾಗಿ ಆಡಿದ್ರಿ." ಜೊತೆಗೆ ಬಂದಿದ್ದ ಸೋದರಮಾವನಿಗೂ ಬಿಡಲಿಲ್ಲ. ಕೊನೆಗೆ ಹುಡುಗ. ಅವನ ಕೈ ಅಷ್ಟು ಗಟ್ಟಿಯಾಗಿ ಕುಲುಕಿದಳಂತೆ, ಅವನು ಬೀದಿಯ ತಿರುವಿನವರೆಗೂ ಬೆರಳು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತ ಹೋದನಂತೆ.

ಆಶ್ಚರ್ಯವೆಂದರೆ ಒಂದು ವಾರದ ಮೇಲೆ ಅವರ ಕಡೆಯಿಂದ ಹೇಳಿಕಳಿಸಿದರು. ಹುಡುಗ ಊಟ ಬಿಟ್ಟು ಕೂತಿದ್ದಾನೆ, ಮದುವೆ ಆದರೆ ಆ ಹುಡುಗಿಯನ್ನೇ ಅನ್ನುತ್ತಿದ್ದಾನೆ, ಅಂತ. ಅವಳಪ್ಪ ಓಡಿಬಂದು ಮಗಳಿಗೆ ಸುದ್ದಿ ಹೇಳಿದರು.

ಕ್ಯಾಪ್ಟನ್ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದವಳು ತಲೆಯೆತ್ತಲಿಲ್ಲ. "ಆಗಲ್ಲ ಅಪ್ಪ. ಕೈ ಕುಲುಕಿ ಆದ್ಮೇಲೆ ಮ್ಯಾಚ್ ಮತ್ತೆ ಆಡ್ಸಲ್ಲ."

ಸಂಡಿಗೆ

ಮೈದಾನದ ಗೋಡೆಯ ಆಚೆ ಒಂದು ಮನೆ. ಆ ಮನೆಯ ಆಂಟಿ ಶಿವರಾತ್ರಿ ಹೊತ್ತಿಗೆ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಡುತ್ತಿದ್ದರು. ಅಭ್ಯಾಸದಲ್ಲಿ ಕೆಂಗೇರಿಯವಳು ಒಂದು ದಿನ ಬ್ಯಾಟ್ ಹಿಡಿದು ಬೀಸಿದ ಹೊಡೆತಕ್ಕೆ ಚೆಂಡು ಗೋಡೆ ದಾಟಿ, ಪಂಚೆಯ ಈ ತುದಿಯಿಂದ ಆ ತುದಿಗೆ ಉರುಳಿ, ಒಂದು ಸಾಲು ಪೂರ್ತಿ ಬಳಿದುಕೊಂಡು ನಿಂತಿತು.

ಆಂಟಿ ಗೋಡೆಯ ಮೇಲಿಂದ ತಲೆ ಹಾಕಿ, "ಬಾಲ್ ಕೊಡಲ್ಲ" ಅಂದರು. ಅಷ್ಟೇ. ಬೈಯಲೂ ಇಲ್ಲ.

ಇದ್ದದ್ದೇ ಎರಡು ಚೆಂಡು. ಮೇಡಂ ನಮ್ಮನ್ನು ಕರೆದು, "ಸ್ಪೋರ್ಟ್ಸ್‌ಮನ್‌ಶಿಪ್ ಅಂದ್ರೆ ಬರೀ ಸಾರಿ ಅನ್ನೋದಲ್ಲ. ಆದ ನಷ್ಟ ತುಂಬಿಕೊಡ್ಬೇಕು. ನಡೀರಿ" ಅಂದರು. ಇಡೀ ತಂಡ ಕೈ ತೊಳೆದುಕೊಂಡು ತಾರಸಿ ಹತ್ತಿತು. ಬಿಸಿಲಿನಲ್ಲಿ ಸಾಲಾಗಿ ಕೂತು ಹಿಟ್ಟು ಮುಗಿಯುವವರೆಗೂ ಸಂಡಿಗೆ ಇಟ್ಟೆವು. ಎಲ್ಲಾ ಒಂದೇ ಗಾತ್ರ ಇರಬೇಕು, ಒಂದಕ್ಕೊಂದು ತಾಗಬಾರದು, ಇದೂ ಒಂದು ಮೆಂಟಲ್ ಪ್ರಿಪರೇಷನ್ ಅಂತ ಮೇಡಂ ಹಿಂದೆ ಮುಂದೆ ಓಡಾಡುತ್ತ ಹೇಳುತ್ತಿದ್ದರು. ಕೂರುವುದರಲ್ಲಿ ಪಳಗಿದವಳೆಂದು ನನಗೆ ಎರಡು ಸಾಲು ಜಾಸ್ತಿ. ಮುಗಿದ ಮೇಲೆ ಆಂಟಿ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಚೆಂಡನ್ನು ತೊಳೆದು ಒರೆಸಿ ಕೊಟ್ಟರು. ಒಳ್ಳೇ ಹೆಂಗಸು.

ಆ ಕೊತ್ತಂಬರಿ ಹಾಕಿದ ಮಜ್ಜಿಗೆಯ ರುಚಿ ಈಗಲೂ ನಾಲಿಗೆಯಲ್ಲಿದೆ. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿಗಳ ಸಾಲಿದೆ.

ಆದರೆ ಆಮೇಲೆ ಒಂದು ತೊಂದರೆ ಶುರುವಾಯಿತು. ಎರಡು ದಿನಕ್ಕೊಮ್ಮೆ ಆಂಟಿ ಗೋಡೆಯ ಮೇಲಿಂದ ತಲೆ ಹಾಕುವರು. ಕೈ ತುಂಬ ಹಿಟ್ಟು. "ಯಾಕ್ರೇ, ಇವತ್ತು ಯಾರೂ ಈ ಕಡೆ ಹೊಡೀಲೇ ಇಲ್ಲ?"

ಬಾಲ್ ನೆಲಕ್ಕೆ ತಾಗಿತ್ತು

ಅಂತೂ ಟೂರ್ನಮೆಂಟ್ ಬಂತು. ನಾವು ಹೇಗೆ ಫೈನಲ್ಸ್ ತಲುಪಿದೆವು ಅಂತ ನಮಗೇ ತಿಳಿಯಲಿಲ್ಲ. ಒಂದು ತಂಡ ಬರಲೇ ಇಲ್ಲ, ಒಂದು ತಂಡದ ಪಿಚ್ಚರಿಗೆ ಮಂಗನಬಾವು, ಇನ್ನೊಂದನ್ನು ಮಾತ್ರ ನಿಜವಾಗಿ ಸೋಲಿಸಿದೆವು. ಫೈನಲ್ಸ್‌ನಲ್ಲಿ ನಮಗೆದುರು ಕಂಟೋನ್ಮೆಂಟ್ ಕಡೆಯ ಕಾಲೇಜು. ಅವರಿಗೆ ಬಣ್ಣದ ಜರ್ಸಿ, ಪ್ರತಿಯೊಬ್ಬಳಿಗೂ ಸ್ವಂತ ಗ್ಲೌಸು. ನಮ್ಮಲ್ಲಿ ಗ್ಲೌಸು ಸರದಿಯ ಮೇಲೆ.

ಪಂದ್ಯ ಅವರ ಕಡೆಯ ಮೈದಾನದಲ್ಲೇ. ಅಂಪೈರ್ ಮಾತ್ರ ನಮ್ಮ ಒದ್ದೆ ಕರ್ಚೀಫಿನ ಮೇಷ್ಟ್ರೇ. ಪ್ರಿನ್ಸಿಪಾಲರು ನೋಡಲು ಬಂದಿದ್ದರು. ಅವರಿಗೆ ಆಟದ ತಲೆ ಬುಡ ಗೊತ್ತಿಲ್ಲ. ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ಬೇರೆಯವರು ಚಪ್ಪಾಳೆ ತಟ್ಟಿದಾಗ ತಾವೂ ತಟ್ಟುತ್ತಿದ್ದರು.

ಕೊನೆಯ, ಅಂದರೆ ಏಳನೇ ಇನ್ನಿಂಗ್ಸ್ ಬಂದಾಗ ನಾವು ಒಂದು ರನ್ ಮುಂದಿದ್ದೆವು. ಬ್ಯಾಟಿಂಗ್ ಅವರದು. ಅವರ ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಕಪ್ ನಮ್ಮದು. ಆದರೆ ಅವರ ಇಬ್ಬರು ಓಟಗಾರ್ತಿಯರು ಎರಡನೇ ಮೂರನೇ ಮೂಲೆಗಳಲ್ಲಿ, ಅಂದರೆ ಬೇಸ್‌ಗಳಲ್ಲಿ, ಕಾದು ನಿಂತಿದ್ದರು. ಕೆಂಗೇರಿಯವಳು ಚೆಂಡಿನ ಕಿವಿಯಲ್ಲಿ ಏನೋ ಹೇಳಿ ಎಸೆದಳು. ಬ್ಯಾಟ್ ಮಾಡುವವಳು ಬಲಗಡೆಗೆ ಬಾರಿಸಿದಳು.

ಬಲಗಡೆ ದೂರದಲ್ಲಿ ನಿಲ್ಲುತ್ತಿದ್ದವಳು ವಿಜಯನಗರದ ಒಬ್ಬ ಹುಡುಗಿ. ಅಪ್ಪನದು ದಿನಸಿ ಅಂಗಡಿ. ಅವಳ ದನಿ ನಾನು ಆ ವರ್ಷವೆಲ್ಲ ಕೇಳಿದ್ದು ಹಾಜರಿ ಕೂಗಿದಾಗ ಮಾತ್ರ. ಅವಳು ಓಡಿದಳು, ಮುಂದಕ್ಕೆ ಹಾರಿ ನೆಲದ ಮೇಲೆ ಜಾರಿದಳು, ಧೂಳಿನೊಳಗಿಂದ ಗ್ಲೌಸು ಮೇಲೆ ಬಂತು. ಒಳಗೆ ಚೆಂಡು.

ಅಂಪೈರ್ ಕೈಯೆತ್ತಿ, "ಔಟ್" ಅಂದರು. ನಾವೆಲ್ಲ ಓಡಿಹೋಗಿ ಅವಳನ್ನು ಎತ್ತಿಕೊಂಡೆವು. ಮೇಡಂ ವಿಷಲ್ ಊದುತ್ತಲೇ ಇದ್ದರು, ನಿಲ್ಲಿಸುವುದು ಮರೆತಿದ್ದರು. ಪ್ರಿನ್ಸಿಪಾಲರು ಎದ್ದು ನಿಂತು ಚಪ್ಪಾಳೆ ತಟ್ಟಿ, ಪಕ್ಕದವರನ್ನು "ಗೆದ್ವಾ?" ಅಂತ ಕೇಳಿ, ಹೌದು ಅಂದಮೇಲೆ ಸಮಾಧಾನದಿಂದ ಕಾರು ಹತ್ತಿ ಹೊರಟುಹೋದರು.

ನಮ್ಮ ಭುಜದ ಮೇಲಿದ್ದ ವಿಜಯನಗರದ ಹುಡುಗಿ ಮಾತ್ರ ಕೆಳಗಿಳಿಸಿ ಅಂತ ಒದ್ದಾಡುತ್ತಿದ್ದಳು. ಇಳಿಸಿದೆವು. ಸೀದಾ ಅಂಪೈರ್ ಹತ್ತಿರ ಹೋದಳು.

"ಸಾರ್, ಬಾಲ್ ನೆಲಕ್ಕೆ ತಾಗಿತ್ತು ಸಾರ್. ತಾಗಿದ್ಮೇಲೆ ಹಿಡಿದೆ."

ಅಂಪೈರ್ ಆಗಲೇ ಕ್ಯಾಪು ತೆಗೆದು ಕರ್ಚೀಫು ಹಿಂಡುತ್ತಿದ್ದರು. "ನಾನು ಔಟ್ ಕೊಟ್ಟಾಯ್ತಲ್ಲಮ್ಮ."

"ಹೌದು ಸಾರ್. ಆದ್ರೆ ತಾಗಿತ್ತು."

"ನನ್ನ ತೀರ್ಮಾನವೇ ಕೊನೆ. ಗೊತ್ತಲ್ಲ?"

"ಗೊತ್ತು ಸಾರ್. ನಿಮ್ಮ ತೀರ್ಮಾನವೇ ಕೊನೆ. ಬಾಲ್ ಅದಕ್ಕಿಂತ ಮುಂಚೇನೇ ತಾಗಿತ್ತು."

ಅಂಪೈರ್ ಕರ್ಚೀಫನ್ನು ಇನ್ನೊಂದು ಸಲ ಹಿಂಡಿದರು. ಅವಳ ಮಾತು ಒಪ್ಪಿದರೆ ಓಡುತ್ತಿದ್ದ ಇಬ್ಬರೂ ಮನೆ ತಲುಪಿದ ಲೆಕ್ಕ, ಅಂದರೆ ನಾವು ಒಂದು ರನ್ನಿನಿಂದ ಸೋತಂತೆ. ಅಷ್ಟರಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಎದುರು ತಂಡದ ಕ್ಯಾಪ್ಟನ್ ಮುಂದೆ ಬಂದಳು. ತಮಗಿಂತ ನಾವು ದೊಡ್ಡ ಮನಸ್ಸಿನವರಾಗುವುದು ಅವಳಿಗೆ ಸರಿಬರಲಿಲ್ಲ ಅಂತ ಕಾಣುತ್ತದೆ.

"ಸಾರ್, ಅವರು ಅಷ್ಟು ಹೇಳಿದ್ಮೇಲೆ ನಾವೂ ಹೇಳ್ಬೇಕಲ್ವಾ. ನಮ್ಮ ಎರಡನೇ ರನ್ನರ್ ಮೂರನೇ ಬೇಸ್ ಮುಟ್ಟೇ ಇಲ್ಲ."

ಆ ಓಟಗಾರ್ತಿ ಹೌದು ಅಂತ ತಲೆಯಾಡಿಸಿದಳು. ಈಗ ಕೆಂಗೇರಿಯವಳಿಗೆ ತಡೆಯಲಾಗಲಿಲ್ಲ. "ಸಾರ್, ನಾಲ್ಕನೇ ಇನ್ನಿಂಗ್ಸ್‌ನಾಗೆ ಎಸೆಯುವಾಗ ನನ್ನ ಕಾಲು ಗೆರೆ ದಾಟಿತ್ತು. ನೀವು ಆಗ ಬೆವರು ಒರೆಸ್ಕೋತಿದ್ರಿ."

ಅವರ ಕ್ಯಾಚರ್ ಎದ್ದಳು. "ಇವರ ಕ್ಯಾಪ್ಟನ್ ಹೊಡೆಯೋವಾಗ ಬ್ಯಾಟಿಗೆ ನನ್ನ ಗ್ಲೌಸ್ ತಾಗಿತ್ತು ಸಾರ್. ಬೇಕಂತ ಅಲ್ಲ."

ನಮ್ಮ ಕ್ಯಾಪ್ಟನ್ ಅವಳ ಕಡೆ ತಿರುಗಿ, "ಪರವಾಗಿಲ್ಲ ಕಣೇ, ನಾನೂ ಗೆರೆ ಬಿಟ್ಟು ಮುಂದೆ ನಿಂತಿದ್ದೆ" ಅಂದಳು.

ಹೀಗೆ ಎರಡೂ ಕಡೆಯವರು ಒಬ್ಬರಾದ ಮೇಲೆ ಒಬ್ಬರು ಶುರು ಮಾಡಿದರು. ಸ್ಕೋರ್ ಬರೆಯುತ್ತಿದ್ದವರು ಅಳಿಸಿ ಬರೆದು, ಬರೆದು ಅಳಿಸಿ, ಕೊನೆಗೆ ಪೆನ್ಸಿಲ್ ಜೇಬಿಗಿಟ್ಟುಕೊಂಡರು. ನಾನೂ ಏನಾದರೂ ಒಪ್ಪಿಕೊಳ್ಳಬೇಕೆಂದು ತುಂಬಾ ಯೋಚಿಸಿದೆ. ಮೊದಲಿಂದ ಕೊನೆಯವರೆಗೆ ಕೂತೇ ಇದ್ದದ್ದರಿಂದ ಹೇಳಿಕೊಳ್ಳುವಂಥ ತಪ್ಪು ಒಂದೂ ನೆನಪಾಗಲಿಲ್ಲ. ಆಗ ಆದ ಬೇಜಾರು ಈಗಲೂ ಸ್ವಲ್ಪ ಇದೆ.

ಅಂಪೈರ್ ಒದ್ದೆ ಕರ್ಚೀಫನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಎರಡೂ ಕೈ ಎತ್ತಿದರು. "ಸಾಕು ತಾಯಂದಿರಾ. ಮೊದಲು ಬಂದ ಹುಡುಗಿಯ ಮಾತು ಮಾತ್ರ ತಗೋತೀನಿ. ಉಳಿದದ್ದನ್ನೆಲ್ಲ ಹೋಗ್ತಾ ಯಾವುದಾದ್ರೂ ದೇವಸ್ಥಾನದಲ್ಲಿ ಹೇಳ್ಕೊಳ್ಳಿ." ನಾವು ಒಂದು ರನ್ನಿನಿಂದ ಸೋತೆವು. ಎರಡೂ ತಂಡದವರು ಕೈ ಕುಲುಕಿದೆವು. ಅವರ ಕ್ಯಾಪ್ಟನ್ ವಿಜಯನಗರದ ಹುಡುಗಿಗೆ ತನ್ನ ಗ್ಲೌಸನ್ನೇ ಕೊಟ್ಟುಬಿಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ಮೇಡಂ ಕಿಟಕಿಯಿಂದ ಆಚೆ ನೋಡುತ್ತ ಕೂತಿದ್ದರು. ಮಾಗಡಿ ರೋಡ್ ಹತ್ತಿರ ಬಂದಾಗ ಆ ಹುಡುಗಿ ಹೋಗಿ ಅವರ ಪಕ್ಕ ನಿಂತಳು.

"ಮೇಡಂ, ನಾನು ಮಾಡಿದ್ದು ತಪ್ಪಾ?"

ಮೇಡಂ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು, "ತಪ್ಪಲ್ಲ ಕಣೇ. ಆದ್ರೆ ಸ್ಪೋರ್ಟ್ಸ್‌ಮನ್‌ಶಿಪ್ ನಾನು ಹೇಳ್ಕೊಟ್ಟಿದ್ದು ಸೋತಾಗ ಬೇಕಾಗುತ್ತೆ ಅಂತ. ಗೆದ್ದಾಗ ಯಾರಾದ್ರೂ ತೆಗೀತಾರಾ?" ಹೇಳುವಾಗಲೇ ಅವರಿಗೆ ನಗು ಬಂತು. ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಪ್ರಿನ್ಸಿಪಾಲರು ಮೈಕಿನ ಮುಂದೆ ಬಂದು, ನಮ್ಮ ಕಾಲೇಜಿನ ಹೆಣ್ಣುಮಕ್ಕಳು ಇಡೀ ಬೆಂಗಳೂರನ್ನೇ ಗೆದ್ದು ಬಂದಿದ್ದಾರೆ ಅಂತ ಸಾರಿದರು. ಚಪ್ಪಾಳೆಯೋ ಚಪ್ಪಾಳೆ. ಸಾಲಿನಲ್ಲಿ ನಿಂತಿದ್ದ ನಾವು ಮೇಡಂ ಕಡೆ ನೋಡಿದೆವು. ಹೇಳದೆ ಸುಮ್ಮನಿದ್ದರೆ ಮೈದಾನ ಉಳಿಯುತ್ತದೆ. ಹೇಳಿದರೆ ಸೈಕಲ್ ಸ್ಟ್ಯಾಂಡು. ಆ ಹುಡುಗಿ ಬೇರೆ ಅವರನ್ನೇ ನೋಡುತ್ತಿದ್ದಳು.

ಮೇಡಂ ಸೆರಗು ಸಿಕ್ಕಿಸಿಕೊಂಡು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾವು ಕಿಟಕಿಯ ಕೆಳಗೆ. ಅಲ್ಲಿ ಎಲ್ಲರಿಗಿಂತ ಮೊದಲು ಕೂತವಳು ನಾನು.

"ಸಾರ್, ನಾವು ಗೆದ್ದಿಲ್ಲ ಸಾರ್. ಸೋತಿದೀವಿ" ಅಂತ ಮೇಡಂ ಎಲ್ಲವನ್ನೂ ಹೇಳಿದರು.

ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ಪ್ರಿನ್ಸಿಪಾಲರ ದನಿ. "ಆ ಹುಡುಗಿ ತಾನಾಗೇ ಹೇಳಿದ್ಲಾ?"

"ತಾನಾಗೇ ಸಾರ್."

"ಭೇಷ್. ಮೈದಾನ ನೀವೇ ಇಟ್ಕೊಳ್ಳಿ ಮೇಡಂ. ಸೈಕಲ್‌ಗಳಿಗೆ ಬೇರೆ ಜಾಗ ನೋಡ್ತೀನಿ."

ಕಿಟಕಿಯ ಕೆಳಗೆ ನಾವು ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡೆವು.

ಮೇಡಂಗೆ ಧೈರ್ಯ ಬಂತು. "ಹಾಗಾದ್ರೆ ನಾಳೆ ಪ್ರೇಯರ್‌ನಲ್ಲಿ ಸೋತಿದೀವಿ ಅಂತ ತಾವೇ ಒಂದು ಮಾತು ಹೇಳ್ಬಿಡಿ ಸಾರ್. ಹುಡುಗೀರೇ ಅಷ್ಟು ನಿಜ ಹೇಳಿರೋವಾಗ..."

"ನಿಮ್ಮ ಹುಡುಗೀರು ಹೇಳ್ತಾರೆ ಮೇಡಂ, ಅವರು ಸ್ಪೋರ್ಟ್ಸು" ಅಂದರು ಪ್ರಿನ್ಸಿಪಾಲರು. "ನಾನು ಕೆಮಿಸ್ಟ್ರಿ."